ತಲೆಗೂದಲ ಕಂತು

ನನ್ನ ಸಂಬಳ 24 ಸಾವಿರ. ದಾವಣಗೆರೆಯ ಬಟ್ಟೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಮೂರನೇ ಹೆಣ್ಣಿನ ಕಡೆಯವರೂ ಫೋಟೊ ನೋಡಿ ಸುಮ್ಮನಾದ ಮೇಲೆ ಕೂದಲು ಕಸಿಯ ಕ್ಲಿನಿಕ್ಕಿಗೆ ಹೋದೆ. 2,500 ಗ್ರಾಫ್ಟ್ (ಬೇರುಸಹಿತ ನೆಡುವ ಕೂದಲ ಕುಚ್ಚು), ಒಂದಕ್ಕೆ 40 ರೂಪಾಯಿ. ಒಂದು ಲಕ್ಷ! ನನ್ನ ಮುಖ ಬಾಡಿದ್ದು ಕಂಡು ಕೌಂಟರಿನ ಹುಡುಗಿ, 'ಇಎಂಐ ಇದೆ ಸರ್' ಎಂದಳು. ಡಾಕ್ಟರ ಮುಖ ಕಾಣುವ ಮೊದಲೇ ಆಧಾರ್, ಪ್ಯಾನ್ ಕೇಳಿದರು.

ಅಲ್ಲಿ ಹೇಳದೆ ಬಿಟ್ಟದ್ದನ್ನು ಬೇರೊಬ್ಬ ಚರ್ಮವೈದ್ಯರು ಹೇಳಿದರು. ಕೂದಲು ಕಸಿ ನಮ್ಮ ಕಡೆಯ ಭತ್ತದ ನಾಟಿಯಂತೆಯೇ. ಹಿಂದಲೆಯ ಸಸಿಮಡಿಯಿಂದ ಕಿತ್ತು ಮುಂದಲೆಯ ಗದ್ದೆಗೆ ನೆಡುವುದು. ಕಿತ್ತಲ್ಲಿ ಮತ್ತೆ ಹುಟ್ಟದು. ನೆಟ್ಟದ್ದು ಕೆಲವೇ ವಾರಗಳಲ್ಲಿ ಉದುರಿ, ತಿಂಗಳುಗಳ ಮೇಲೆ ಚಿಗುರುತ್ತದೆ. ಪೂರ್ತಿ ಫಲ ಕಾಣಲು ವರ್ಷ ಬೇಕು. ಅಷ್ಟರಲ್ಲಿ ಅಕ್ಕಪಕ್ಕದ ಹಳೆ ಕೂದಲು ಉದುರುತ್ತಲೇ ಇರುತ್ತದೆ. ಅದನ್ನು ಹಿಡಿದಿಡಲು ಮಿನಾಕ್ಸಿಡಿಲ್, ಫಿನಾಸ್ಟೆರೈಡ್ ವರ್ಷಗಟ್ಟಲೆ. ಕಂತು ಮುಗಿದರೂ ಔಷಧದ ಚೀಟಿ ಮುಗಿಯದು.

ಕಸಿಯೇ ಬೇಡ ಎನ್ನುತ್ತಿಲ್ಲ. ಬೋಳುತಲೆಗೆ ಸಿಗುವ ಕುಹಕ ನನಗೆ ಗೊತ್ತು. (2017ರಲ್ಲಿ ಬೋಳುತಲೆ ನಾಯಕನ 'ಒಂದು ಮೊಟ್ಟೆಯ ಕಥೆ' ಸಿನಿಮಾ ನೋಡುವಾಗ ಪಕ್ಕದ ಸೀಟಿನವರು ಪರದೆಗಿಂತ ನನ್ನನ್ನೇ ನೋಡಿ ನಕ್ಕಿದ್ದರು.) ಆದರೆ ಔಷಧವೂ ಸೇರಿದ ಪೂರ್ತಿ ಖರ್ಚು, ಕಸಿ ಮಾಡುವ ಡಾಕ್ಟರ ನೋಂದಣಿ ಸಂಖ್ಯೆ, ಇವೆರಡನ್ನೂ ಸಾಲದ ಅರ್ಜಿಗೆ ಮೊದಲೇ ಬರೆದುಕೊಡುವುದು ಕಡ್ಡಾಯವಾಗಬೇಕು. ಇವನ್ನು ನಾನು ಕೇಳಿದ್ದಕ್ಕೆ ಕೌಂಟರಿನ ಆ ಹುಡುಗಿ, ಆಫರ್ ಶನಿವಾರಕ್ಕೆ ಮುಗಿಯುತ್ತದೆ ಎಂದಳು.