ಇಲಿ ಎಚ್ಚರವಿತ್ತೇ?

ಎಚ್ಚರವಾಗಿರುವ ಇಲಿಯ ಎದೆ ನಿಮಿಷಕ್ಕೆ 500ರಿಂದ 700 ಸಲ ಬಡಿಯುತ್ತದೆ. ಅದೇ ಇಲಿಗೆ ಕೆಟಮಿನ್ ಮತ್ತು ಕ್ಸೈಲಜಿನ್ ಬೆರೆಸಿ ಚುಚ್ಚಿದರೆ ಬಡಿತ 300ರ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕೂ ಕೆಳಗೆ ಬೀಳುತ್ತದೆ. ಐಸೊಫ್ಲುರೇನ್ ಮೂಸಿಸಿದರೆ 400–500ರ ನಡುವೆ ನಿಲ್ಲಿಸಿಕೊಳ್ಳಬಹುದು. ಇಲಿ ಒಂದೇ, ಅದರ ಜೀನೂ ಒಂದೇ. ಆದರೂ "ಈ ಜೀನ್ ತೆಗೆದರೆ ಹೃದಯ ದುರ್ಬಲ" ಎಂಬ ಸುದ್ದಿ ಓದುಗರ ಕೈಗೆ ಬರುವಷ್ಟರಲ್ಲಿ, ಅಳೆದಾಗ ಇಲಿ ಎಚ್ಚರವಿತ್ತೋ ಇಲ್ಲವೋ ಎಂಬ ಮಾತು ಸಾಮಾನ್ಯವಾಗಿ ಉದುರಿಹೋಗಿರುತ್ತದೆ. ಅದು ಉದುರಬಾರದ ಮಾತು.

ಅಳೆಯುವುದಾದರೂ ಸುಲಭವೇ? ಇಲಿಯ ಹೃದಯದ ತೂಕ 0.15 ಗ್ರಾಂ ಆಸುಪಾಸು. ಮನುಷ್ಯರ ಎಕೋ ಯಂತ್ರ 2ರಿಂದ 5 ಮೆಗಾಹರ್ಟ್ಸ್ ಶಬ್ದದಲ್ಲಿ ಕೆಲಸ ಮಾಡಿದರೆ, ಇಲಿಗೆ 30 ಮೆಗಾಹರ್ಟ್ಸ್‌ಗೂ ಮೇಲೆ ಬೇಕು. ಎದೆಯ ಕೂದಲು ತೆಗೆದು, ಬೆಚ್ಚಗಿನ ಹಲಗೆಯ ಮೇಲೆ ಅಂಗಾತ ಮಲಗಿಸಿ, ನಾಲ್ಕೂ ಪಾದಗಳನ್ನು ಟೇಪಿನಿಂದ ಅಂಟಿಸುತ್ತಾರೆ. ಮೈ ಸ್ವಲ್ಪ ತಣ್ಣಗಾದರೂ ಬಡಿತ ಇಳಿಯುತ್ತದೆ. ಎಡ ಹೃತ್ಕುಕ್ಷಿ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಎಷ್ಟು ಪಾಲು ಹೊರತಳ್ಳುತ್ತದೆ ಎಂಬ ಮುಖ್ಯ ಲೆಕ್ಕವೂ ಅದರೊಂದಿಗೆ ಅಲುಗುತ್ತದೆ. ಇನ್ನೊಂದು: ಇಲಿ ರಾತ್ರಿಯ ಪ್ರಾಣಿ, ಅಳತೆ ಮಾತ್ರ ಹೆಚ್ಚಾಗಿ ಕಚೇರಿ ವೇಳೆಯಲ್ಲಿ.

ಹಾಗಾದರೆ ಎಚ್ಚರದಲ್ಲೇ ಅಳೆಯಲಿ ಎನ್ನಬಹುದು. ಗುಂಡಿಗೆ ಎಂದರೆ ಕನ್ನಡದಲ್ಲಿ ಹೃದಯವೂ ಹೌದು, ಧೈರ್ಯವೂ ಹೌದು. ಕುತ್ತಿಗೆಯ ತೊಗಲು ಹಿಡಿದೆತ್ತಿದ ಇಲಿಯಲ್ಲಿ ಮೊದಲನೆಯದನ್ನು ಅಳೆಯಹೋದವರಿಗೆ ಸಿಗುವುದು ಎರಡನೆಯದರ ಕೊರತೆ. ಮೈಯೊಳಗೆ ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟರೆ ಇಲಿ ತನ್ನ ಪಾಡಿಗೆ ಓಡಾಡುವಾಗಲೇ ಇಸಿಜಿ ಸಿಗುತ್ತದೆ. ಆದರೆ ಅದಕ್ಕೆ ಶಸ್ತ್ರಚಿಕಿತ್ಸೆ ಬೇಕು, ಚೇತರಿಕೆಗೆ ದಿನಗಳು ಬೇಕು, ದುಡ್ಡೂ ಬೇಕು. ಒಂದೊಂದೇ ಜೀನ್ ಕೆಡಿಸಿ ಸಾವಿರಾರು ತಳಿಗಳನ್ನು ಪರೀಕ್ಷಿಸುತ್ತಿರುವ, 2011ರಲ್ಲಿ ಶುರುವಾದ ಅಂತರರಾಷ್ಟ್ರೀಯ ಇಲಿ ಒಕ್ಕೂಟದಂಥ ಕೆಲಸಕ್ಕೆ ಅದು ಹೊಂದುವುದಿಲ್ಲ. ಅರಿವಳಿಕೆ ಕೊಟ್ಟು ಅಳೆದರೆ ತಪ್ಪೇನಿಲ್ಲ, ಜೀನ್ ಕೆಡದ ಜೊತೆ ಇಲಿಗಳನ್ನೂ ಅದೇ ಔಷಧ, ಅದೇ ಶಾಖದಲ್ಲಿ ಅಳೆದಿದ್ದರೆ. ಬೇರೆ ಬೇರೆ ಲ್ಯಾಬ್‌ಗಳ ಅಂಕಿಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದಾಗ ಎಡವಟ್ಟು ಶುರು.

ಇದು ಪರದೇಶದ ಲ್ಯಾಬಿನ ತಕರಾರಷ್ಟೇ ಅಲ್ಲ. ಹೃದಯ ಸ್ನಾಯುವಿನ ಎಂವೈಬಿಪಿಸಿ3 ಜೀನಿನಲ್ಲಿ 25 ಅಕ್ಷರಗಳು ಕಳಚಿಹೋದ ರೂಪ ಭಾರತ ಉಪಖಂಡದ ಶೇಕಡಾ 4ರಷ್ಟು ಜನರಲ್ಲಿದೆ ಎಂದು ಹೈದರಾಬಾದಿನ ಸಿಸಿಎಂಬಿಯ ವಿಜ್ಞಾನಿಗಳು ಸಹೋದ್ಯೋಗಿಗಳೊಂದಿಗೆ 2009ರಲ್ಲಿ ವರದಿ ಮಾಡಿದರು. ಇದನ್ನು ಹೊತ್ತ ಅನೇಕರಿಗೆ ಚಿಕ್ಕ ವಯಸ್ಸಿನಲ್ಲಿ ಏನೂ ತೋರುವುದಿಲ್ಲ. ವಯಸ್ಸಾದಂತೆ ಅಪಾಯ ಹೆಚ್ಚುತ್ತದೆ. ಇಂಥ ನಿಧಾನದ ಹಾನಿಯನ್ನು ಇಲಿಯಲ್ಲಿ ಹುಡುಕುವಾಗ ಕಾಣಬೇಕಾದ ವ್ಯತ್ಯಾಸ ಬಲು ಚಿಕ್ಕದು. ಅರಿವಳಿಕೆಯ ಪ್ರಮಾಣ ತುಸು ಹೆಚ್ಚುಕಮ್ಮಿಯಾದರೆ ಅದು ಅದರಲ್ಲೇ ಮುಳುಗಿಹೋಗಬಹುದು. ಆಗ ಜೀನ್ ಪರೀಕ್ಷೆಯ ಕಾಗದ ಹಿಡಿದು ಕೂತ ಮನೆಯವರಿಗೆ ವೈದ್ಯರು ಏನು ಹೇಳಬೇಕು?

ಪ್ರಾಣಿ ಪ್ರಯೋಗದ ವರದಿಗೆಂದು 2010ರಲ್ಲಿ ಬ್ರಿಟನ್ನಿನಲ್ಲಿ ಬಂದ ಅರೈವ್ ಮಾರ್ಗಸೂಚಿ ಅರಿವಳಿಕೆಯ ವಿವರ ಕೇಳುತ್ತದೆ. ಅದು ವಿಧಾನದ ಪುಟದ ಸಣ್ಣ ಅಕ್ಷರದಲ್ಲಿದ್ದರೆ ಸಾಲದು. ಔಷಧದ ಹೆಸರು, ಅಳೆದ ಕ್ಷಣದ ಬಡಿತ, ಮೈಶಾಖ, ಈ ಮೂರೂ ಫಲಿತಾಂಶದ ಅಂಕಿಯ ಪಕ್ಕದಲ್ಲೇ ಇರಲಿ; ಅದನ್ನು ಸುದ್ದಿಯಾಗಿಸುವವರು "ಅರಿವಳಿಕೆಯಲ್ಲಿದ್ದ ಇಲಿ" ಎಂಬ ಎರಡು ಪದಗಳಿಗೆ ಜಾಗ ಮಾಡಿಕೊಳ್ಳಲಿ.