ನಮ್ಮ ಹುಡುಗನೇ ಅಲ್ಲವೇ?



ಈ ಸಲ ಅಡಿಗೆಯ ವಿಷಯವಲ್ಲ, ದುಡ್ಡಿನ ವಿಷಯ. ನಾನು ಓದಿದ್ದು ಇಂಗ್ಲಿಷ್ ಬಿ.ಎ. ಷೇಕ್ಸ್‌ಪಿಯರ್ ಅಷ್ಟಿಷ್ಟು ಗೊತ್ತು, ಷೇರು ಏನೂ ಗೊತ್ತಿಲ್ಲ. ಆದರೂ ಬರೆಯುತ್ತಿದ್ದೇನೆ, ನಮಗಾದ ಗಾಬರಿ ನಿಮಗಾಗದಿರಲಿ ಎಂದು.

ನಮ್ಮ ಯಜಮಾನರು ನಿವೃತ್ತರಾದಾಗ ಬಂದ ಹಣದಲ್ಲಿ ಮೂರು ಲಕ್ಷವನ್ನು ನನ್ನ ತಂಗಿಯ ಮಗನಿಗೆ ಕೊಟ್ಟೆವು. ಷೇರು ವ್ಯವಹಾರದಲ್ಲಿ ಅವನು ಬಹಳ ಚುರುಕು. "ದೊಡ್ಡಮ್ಮ, ನನ್ನ ಅಕೌಂಟಿನಲ್ಲೇ ಹಾಕಿ ನೋಡ್ಕೋತೀನಿ. ಲಾಭದಲ್ಲಿ ಹತ್ತು ಪರ್ಸೆಂಟ್ ನನಗೆ ಕೊಟ್ಟರೆ ಸಾಕು" ಎಂದ. ಇಲ್ಲೇ ತಿರುವೊಟ್ಟಿಯೂರಿನಲ್ಲಿರುವ ನಮ್ಮವರ ಇನ್ನೂ ಮೂರು ಮನೆಯವರು ಹಾಗೆಯೇ ಕೊಟ್ಟರು. ನಮ್ಮ ಹುಡುಗನೇ ಅಲ್ಲವೇ?

ಹೋದ ವರ್ಷ ಅವನು ಬೈಕಿನಿಂದ ಬಿದ್ದು ಹದಿನೈದು ದಿನ ಆಸ್ಪತ್ರೆಯಲ್ಲಿದ್ದ. ದೇವರ ದಯೆ, ಈಗ ಗುಣವಾಗಿದ್ದಾನೆ. ಆದರೆ ಆ ರಾತ್ರಿ ಆಸ್ಪತ್ರೆಯ ವರಾಂಡದಲ್ಲಿ ಕುಳಿತಾಗ, ಹೇಳಲು ನಾಚಿಕೆಯಾಗುತ್ತದೆ, ಹಣದ ಯೋಚನೆಯೂ ಬಂತು. ಯಾರದ್ದು ಎಷ್ಟು ಎಂದು ಅವನ ಹೆಂಡತಿಗೂ ತಿಳಿಯದು. ಖಾತೆ ಅವನದು, ತೆರಿಗೆ ಲೆಕ್ಕವೂ ಅವನ ಹೆಸರಿನದೇ. ನಾವು ಚೆಕ್ ಕೊಟ್ಟದ್ದೇನೋ ನಿಜ. ಅದು ಸಾಲವೋ, ಉಡುಗೊರೆಯೋ, ಹೂಡಿಕೆಯೋ ಎಂದು ಹೇಳುವ ಒಂದು ಕಾಗದವೂ ಇರಲಿಲ್ಲ.

ಆಮೇಲೆ ಪರಿಚಯದ ಆಡಿಟರನ್ನು ವಿಚಾರಿಸಿದೆ. ಷೇರುಪೇಟೆಯ ಮೇಲ್ವಿಚಾರಣೆ 'ಸೆಬಿ'ಯದು. ನಂಟರಿಗೆ ಪುಕ್ಕಟೆಯಾಗಿ ಸಲಹೆ ಹೇಳುವುದಕ್ಕೆ ಲೈಸೆನ್ಸ್ ಬೇಡ. ಫೀಜು ಪಡೆದು ಸಲಹೆ ಕೊಡುವುದನ್ನೇ ವೃತ್ತಿ ಮಾಡಿಕೊಂಡರೆ 2013ರ ನಿಯಮಗಳಂತೆ ನೋಂದಣಿ ಬೇಕು. ಒಪ್ಪಂದದ ಮೇಲೆ ಇತರರ ಷೇರು, ಹಣವನ್ನು ತಾವೇ ನಿರ್ವಹಿಸುವವರು ಪೋರ್ಟ್‌ಫೋಲಿಯೋ ಮ್ಯಾನೇಜರುಗಳು. 2020ರ ನಿಯಮಗಳಂತೆ ಅದಕ್ಕೆ ಕಂಪನಿಯಂಥ ಸಂಸ್ಥೆಯೇ ಆಗಿರಬೇಕು, ಅದರ ನಿವ್ವಳ ಆಸ್ತಿ 5 ಕೋಟಿ ರೂಪಾಯಿ ಇರಬೇಕು, ಸಾಮಾನ್ಯ ಗಿರಾಕಿಯಿಂದ 50 ಲಕ್ಷಕ್ಕೆ ಕಡಿಮೆ ಪಡೆಯುವಂತಿಲ್ಲ. ಅಂಥವರೂ 'ಇಷ್ಟು ಲಾಭ ಖಂಡಿತ' ಎಂದು ಭರವಸೆ ಕೊಡುವಂತಿಲ್ಲ. ಇನ್ನು ಊರವರಿಂದ ಠೇವಣಿ ಕೂಡಿಸುವುದನ್ನೇ ವ್ಯವಹಾರ ಮಾಡಿಕೊಂಡರೆ, ಅನಿಯಂತ್ರಿತ ಠೇವಣಿಗಳನ್ನು ನಿಷೇಧಿಸುವ 2019ರ ಕಾಯ್ದೆಯಿದೆ, ಜೈಲೂ ಉಂಟು.

ಅಂದರೆ ಆ ಹತ್ತು ಪರ್ಸೆಂಟಿನ ಆಸೆ ನಮ್ಮ ಹುಡುಗನನ್ನೇ ತೊಂದರೆಗೆ ಸಿಕ್ಕಿಸಬಹುದಿತ್ತು!

ಮನೆಗೆ ಬಂದು ಮೆಲ್ಲಗೆ ಹೇಳಿದೆ. ಹುಡುಗ ಮರುಮಾತಿಲ್ಲದೆ ಒಪ್ಪಿದ. ಬೇಸರವಾದದ್ದು ತಂಗಿಗೆ. "ಅಕ್ಕಾ, ನನ್ನ ಮಗನ ಮೇಲೆ ನಂಬಿಕೆ ಇಲ್ವಾ?" ಎಂದು ಎರಡು ತಿಂಗಳು ಮಾತು ಬಿಟ್ಟಳು. ಗೌರಿ ಹಬ್ಬಕ್ಕೆ ಬಾಗಿನ ಹಿಡಿದು ನಾನೇ ಹೋದೆ. "ನಿಯಮ ಇರುವುದು ಕಳ್ಳರಿಗೆ ಮಾತ್ರವಲ್ಲ ಕಣೇ, ಒಳ್ಳೆಯವರಿಗೂ ಏನಾದರೂ ಆಗಬಹುದಲ್ಲ" ಎಂದೆ. ಅತ್ತಳು, ಆಮೇಲೆ ಕಾಫಿ ಕೊಟ್ಟಳು.

ಈಗ ನಾಲ್ಕೂ ಮನೆಯವರು ತಮ್ಮ ತಮ್ಮ ಹೆಸರಿನಲ್ಲೇ ಡಿಮ್ಯಾಟ್ ಖಾತೆ ತೆರೆದು ನಾಮಿನಿ ಬರೆಸಿದ್ದೇವೆ. ಹುಡುಗ ಸಲಹೆ ಹೇಳುತ್ತಾನೆ, ಕಮಿಷನ್ ಇಲ್ಲ. ಓಟಿಪಿ ಬರುವುದು ನನ್ನ ಫೋನಿಗೆ, ಒತ್ತುವುದು ನನ್ನ ಬೆರಳು.

'ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ' ಎಂಬ ಗಾದೆ ನಮ್ಮ ಹಿರಿಯರದು. ನಮ್ಮಲ್ಲಿ ಇಬ್ಬರೂ ಕೋಡಂಗಿಗಳಾಗುವುದರಲ್ಲಿದ್ದೆವು. ನೀವೂ ಯಾರಿಗಾದರೂ ಹೀಗೆ ಕೊಟ್ಟಿದ್ದರೆ, ಈ ಭಾನುವಾರವೇ ಕುಳಿತು ಮಾತಾಡಿ. ಹೋಗುವಾಗ ಕೈಯಲ್ಲಿ ಸ್ವಲ್ಪ ಸಿಹಿ ಇರಲಿ.