ಗುಳಿಗೆ ಕೊಟ್ಟರೆ ಸಾಲದು

ಹೃದಯದ ಕವಾಟ ಕೆಟ್ಟ ಬಡವರಿಗೆ ಲೋಹದ ಕವಾಟ ಜೋಡಿಸುವ ಶಸ್ತ್ರಚಿಕಿತ್ಸೆ ಇಂದು ಸರ್ಕಾರದ ವೆಚ್ಚದಲ್ಲೂ ನಡೆಯುತ್ತಿದೆ. ಸಂತೋಷ. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯವರು ನಮ್ಮಲ್ಲೇ ತಯಾರಿಸಿದ ಕವಾಟವನ್ನು 1990ರಲ್ಲಿ ಮೊದಲ ರೋಗಿಗೆ ಜೋಡಿಸಿದರು. ಪರದೇಶದ ಮಾಲಿಗೇ ಕೈಯೊಡ್ಡಬೇಕೆಂಬುದೂ ತಪ್ಪಿತು. ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ರೋಗಿಯ ಪಾಡೇನು?

ಲೋಹದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುತ್ತದೆ. ಅದನ್ನು ತಡೆಯಲು ವಾರ್ಫರಿನ್ ಅಥವಾ ಅಸೆನೊಕುಮರಾಲ್ ಗುಳಿಗೆಯನ್ನು ಬದುಕಿರುವವರೆಗೂ ನುಂಗಬೇಕು. ಕಡಿಮೆಯಾದರೆ ಹೆಪ್ಪು ಮಿದುಳಿಗೇರಿ ಲಕ್ವ ಹೊಡೆಯಬಹುದು. ಹೆಚ್ಚಾದರೆ ಅದೇ ಮಿದುಳಿನಲ್ಲಿ ರಕ್ತಸ್ರಾವ. ವಾರ್ಫರಿನ್ 1948ರಲ್ಲಿ ಅಮೆರಿಕದ ಪೇಟೆಗೆ ಬಂದದ್ದು ಇಲಿ ಕೊಲ್ಲುವ ಮದ್ದಾಗಿ. ಮನುಷ್ಯರಿಗೆ ಔಷಧಿಯಾದದ್ದು 1954ರಲ್ಲಿ. ಹೆದರಿಸಲು ಈ ಮಾತು ಹೇಳುತ್ತಿಲ್ಲ. ಈ ಮದ್ದಿನ ಜೀವಾಳವೆಲ್ಲ ಅಳತೆಯಲ್ಲಿದೆ. ಆ ಅಳತೆ ತಿಳಿಸುವುದು ಐ.ಎನ್.ಆರ್. ಎಂಬ ರಕ್ತಪರೀಕ್ಷೆ. ಆರೋಗ್ಯವಂತರಲ್ಲಿ ಅದು ಸುಮಾರು 1. ಮೈಟ್ರಲ್ ಸ್ಥಾನದಲ್ಲಿ ಲೋಹದ ಕವಾಟವಿರುವವರಲ್ಲಿ ಸಾಮಾನ್ಯವಾಗಿ 2.5ರಿಂದ 3.5ರೊಳಗೆ ನಿಲ್ಲಬೇಕು.

ಅದು ಸುಮ್ಮನೆ ನಿಲ್ಲುವುದಿಲ್ಲ. ಭೇದಿಗೆಂದು ಅಂಗಡಿಯಿಂದ ತಂದ ಮೆಟ್ರೊನಿಡಜೋಲ್ ಅದನ್ನು ಮೇಲೇರಿಸುತ್ತದೆ. ಕೀಲುನೋವಿನ ಡೈಕ್ಲೋಫೆನಾಕ್ ಜಠರದಲ್ಲಿ ರಕ್ತ ಸುರಿಸಬಹುದು. ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಗುಳಿಗೆಯ ಬಲವನ್ನೇ ಕುಗ್ಗಿಸುತ್ತದೆ. ಸೊಪ್ಪೂ ಬಲ ಕುಗ್ಗಿಸುವುದುಂಟು. ಅದಕ್ಕಾಗಿ ‘ಸೊಪ್ಪು ಮುಟ್ಟಬೇಡ’ ಎಂದು ಅಪ್ಪಣೆ ಮಾಡುವವರು ಬಡವನ ಅಡಿಗೆಮನೆ ಕಂಡವರಲ್ಲ! ಬಿಡಬೇಕಾಗಿಲ್ಲ, ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ತಿಂದರಾಯಿತು.

ಇಂಥ ಪರೀಕ್ಷೆಯೇ ಬೇಡದ ಹೊಸ ಮಾತ್ರೆಗಳಿವೆಯಲ್ಲ ಎಂದು ಪಟ್ಟಣದ ಬಲ್ಲವರು ಕೇಳಬಹುದು. ಇವೆ, ಆದರೆ ಇವರಿಗಲ್ಲ. ಲೋಹದ ಕವಾಟದವರಲ್ಲಿ ಡಾಬಿಗಟ್ರಾನ್ ಪ್ರಯೋಗಿಸಿದಾಗ ಹೆಪ್ಪೂ ರಕ್ತಸ್ರಾವವೂ ಹೆಚ್ಚಾಗಿ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಅದರ ವರದಿ ಬಂದದ್ದು 2013ರಲ್ಲಿ. ರುಮ್ಯಾಟಿಕ್ ಜ್ವರದಿಂದ ಕವಾಟ ಕೆಟ್ಟು ಎದೆಬಡಿತದ ಲಯ ತಪ್ಪಿದವರಲ್ಲಿ ರಿವರೊಕ್ಸಬಾನ್‌ಗಿಂತ ಹಳೆಯ ಗುಳಿಗೆಯಿಂದಲೇ ಸಾವು ಕಡಿಮೆಯೆಂದು 2022ರಲ್ಲಿ ತಿಳಿದುಬಂತು. ಕಿಕ್ಕಿರಿದ ಮನೆಗಳಲ್ಲಿ, ಗಂಟಲುನೋವಿಗೆ ಮದ್ದು ಕಾಣದ ಮಕ್ಕಳನ್ನು ಹಿಡಿಯುವ ಜ್ವರವಿದು. ಬಡವರ ರೋಗಕ್ಕೆ ಹಳೆಯ ಮದ್ದೇ ಗತಿ; ಹಳೆಯ ಮದ್ದಿಗೆ ಪರೀಕ್ಷೆ ಬೇಕೇ ಬೇಕು.

ಗುಳಿಗೆ ಅಗ್ಗ. ಪರೀಕ್ಷೆಗೆಂದು ತಿಂಗಳಿಗೊಮ್ಮೆ ಜಿಲ್ಲಾ ಕೇಂದ್ರಕ್ಕೆ ಓಡಬೇಕಾದವನಿಗೆ ಬಸ್ಸಿನ ಖರ್ಚು, ಮೇಲೆ ಒಂದು ದಿನದ ಕೂಲಿ ನಷ್ಟ. ಎರಡು ತಿಂಗಳು ತಪ್ಪಿಸಿದರೆ ಅವನನ್ನು ‘ಅಲಕ್ಷ್ಯ’ಗಾರನೆಂದು ಬೈಯುವುದು ಯಾವ ನ್ಯಾಯ?

ಬೆರಳು ಚುಚ್ಚಿ ಒಂದು ಹನಿ ರಕ್ತದಿಂದ ಕ್ಷಣಮಾತ್ರದಲ್ಲಿ ಐ.ಎನ್.ಆರ್. ಹೇಳುವ ಪುಟ್ಟ ಯಂತ್ರಗಳಿವೆ. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲೂ ಅಂಥದೊಂದನ್ನಿಟ್ಟು, ಸಂತೆಯ ದಿನ ಉಚಿತವಾಗಿ ಪರೀಕ್ಷಿಸಲಿ. ಗುಳಿಗೆಯ ಪ್ರಮಾಣ, ಪರೀಕ್ಷೆಯ ಅಂಕಿ, ಕೂಡದ ಔಷಧಿಗಳ ಹೆಸರು ಬರೆದ ಕನ್ನಡದ ಕೈಪುಸ್ತಕ ರೋಗಿಯ ಕೈಯಲ್ಲಿರಲಿ. ಔಷಧಿ ಅಂಗಡಿಯವರು ಅದನ್ನು ನೋಡದೆ ಬೇರೆ ಮಾತ್ರೆ ಕೊಡದಿರಲಿ. ಮುಂದಿನ ಮುಂಗಡಪತ್ರದಲ್ಲಿ ಇದಕ್ಕೆ ಹಣ ಕೇಳುವರೋ ಇಲ್ಲವೋ, ಜಿಲ್ಲೆಯ ಶಾಸಕರು ಉತ್ತರಿಸಬೇಕು.